ರಂಕಿನ್ ಮನೆಯ ಎರಡು ಕೋವಿಗಳು

ಎಡಿನ್‌ಬರೋದ ನನ್ನ ಕೋವಿ ಕಾರ್ಯಾಗಾರಕ್ಕೆ ಲಾಕ್ಲನ್ ರಂಕಿನ್ ಮತ್ತು ಅವನ ತಂಗಿ ಎಫಿ, ತೀರಿಹೋದ ತಂದೆಯ ಎರಡು ಜೋಡುನಳಿಗೆ ಕೋವಿಗಳನ್ನು ತಂದಿದ್ದರು. ಎರಡೂ ಇದೇ ಊರಿನಲ್ಲಿ, ಅವರ ಮುತ್ತಜ್ಜನ ಕಾಲದಲ್ಲಿ ತಯಾರಾದವು. ಒಂದರಲ್ಲಿ ನಳಿಗೆಗಳ ಹಿಂದಿನ ಉಕ್ಕಿನ ಮೈ ಚೌಕ, ಅದರ ತುಂಬ ಕೆತ್ತನೆ. ಇನ್ನೊಂದು ದುಂಡು ಮೈಯದು, ಬೋಳು. ಒಬ್ಬರಿಗೊಂದು, ಮೊದಲ ಆಯ್ಕೆ ಹಿರಿಯನಾದ ಲಾಕ್ಲನ್‌ನದು.

"ಯಾವ್ದು ಒಳ್ಳೇದು ಹೇಳ್ಬಿಡಿ ಡ್ಯುವಾರ್ ಅವ್ರೇ, ಅದನ್ನೇ ತಗೊಂಡು ಹೋಗ್ತೀನಿ."

ಎಫಿಗೆ ಬೇಕಿದ್ದುದು ದುಂಡನೆಯದು. ಅಪ್ಪನ ಜೊತೆ ಗುಡ್ಡ ಸುತ್ತುವಾಗ ಅವಳು ಹೊತ್ತದ್ದು ಅದನ್ನೇ. ಈಗಲೂ ಅವಳ ಕೈ ಅದರ ಮೇಲೇ ಇತ್ತು. ನಾನು ಕೆತ್ತನೆಯನ್ನು ಹೊಗಳಿಬಿಟ್ಟಿದ್ದರೆ ಸಾಕಿತ್ತು, ದುಂಡನೆಯದು ಅವಳಿಗೆ ಉಳಿಯುತ್ತಿತ್ತು. ಆದರೆ ಅವನು ಕೇಳಿದ್ದು ಕೆಲಸದ ಬಗ್ಗೆ. ತಿರುಚಿ ಹೇಳಲು ನಾಲಗೆ ಏಳಲಿಲ್ಲ.

"ದುಂಡಗಿರೋದು," ಎಂದೆ. "ಚೌಕದ್ರಲ್ಲಿ ಗುಂಡು ಸಿಡಿಸೋ ಯಂತ್ರ ಕೂರಿಸೋಕೆ ಉಕ್ಕಿನ ಮೈಯನ್ನೇ ಕೊರ್ದಿದಾರೆ. ಇದ್ರಲ್ಲಿ ಯಂತ್ರ ಎಲ್ಲಾ ಟ್ರಿಗರ್ ಇರೋ ತಟ್ಟೆ ಮೇಲೇ ಕೂತಿದೆ. ಕೊರೆತ ಕಮ್ಮಿ, ಅದಕ್ಕೇ ಇಷ್ಟು ದುಂಡಗೆ ಉಜ್ಜಿದ್ರೂ ಗಟ್ಟಿ. ಭಾರ ಸರಿಯಾಗಿ ಎರಡು ಕೈ ನಡುವೆ ನಿಲ್ಲತ್ತೆ."

"ಹಾಗಾದ್ರೆ ಇದು ನಂದು."

ಎಫಿ ಕಿಟಕಿಯತ್ತ ತಿರುಗಿದಳು.

ಕೋವಿ ಕೈ ಬದಲಾದಾಗ ಅಳತೆ ನೋಡುವುದು ನಮ್ಮ ಪದ್ಧತಿ. ನಳಿಗೆ ಖಾಲಿಯೆಂದು ಇಬ್ಬರೂ ನೋಡಿಕೊಂಡ ಮೇಲೆ, ಲಾಕ್ಲನ್ ಅದನ್ನು ಬಲಹೆಗಲಿಗೇರಿಸಿ ನನ್ನ ಕಣ್ಣಿಗೆ ಗುರಿಯಿಟ್ಟ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕಾಣಬೇಕಿದ್ದ ಅವನ ಕಣ್ಣು ಪಕ್ಕಕ್ಕೆ ಸರಿದಿತ್ತು. ತಂದೆ ಎಡಚ, ಅವರಿಗಾಗಿ ಹಿಂಬದಿಯ ಮರವನ್ನು ಓರೆಯಾಗಿ ಬಗ್ಗಿಸಲಾಗಿತ್ತು.

"ಇದನ್ನ ನನಗೆ ಸರಿಹೋಗೋ ಹಾಗೆ ಬಗ್ಸಕ್ಕಾಗಲ್ವಾ?"

ಆಗುವುದಿಲ್ಲ ಎನ್ನಬಹುದಿತ್ತು. "ಆಗತ್ತೆ. ಬಿಸಿ ಅಗಸೆ ಎಣ್ಣೆ ಸುರಿದು ನಿಧಾನಕ್ಕೆ ಬಗ್ಗಿಸ್ತೀವಿ. ಸೀಳಿದ್ರೂ ಸೀಳಬಹುದು. ಸಾಮಾನ್ಯವಾಗಿ ಸೀಳಲ್ಲ."

"ನಿಂದೇ ಆಗ್ಲಿ ಅಣ್ಣ," ಎಂದಳು ಎಫಿ. "ಬಗ್ಗಿಸ್ಬೇಡ, ಅಷ್ಟೇ. ಅಪ್ಪ ಕೆನ್ನೆ ಇಡ್ತಿದ್ದ ಜಾಗ ಅದು."

"ಬಗ್ಗಿಸ್ದೆ ಇನ್ನೇನು, ಗೋಡೆಗೆ ನೇತುಹಾಕ್ಲಾ? ತಗೋ, ನೀನು ಏರ್ಸು ನೋಡೋಣ."

ಆ ಕೋವಿಯಲ್ಲೇ ಕಲಿತಿದ್ದ ಎಫಿ ಅದನ್ನು ಎಡಹೆಗಲಿಗೆ ತಂದಳು. ಅವಳ ಕಣ್ಣು ಪಟ್ಟಿಯ ಮೇಲೆ ನೆಟ್ಟಗೆ ಕೂತಿತು. ಲಾಕ್ಲನ್ ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡಿದ.

"ಅಪ್ಪನ ಹಾಗೇ ಮೂತಿ ಸೊಟ್ಟ ಮಾಡ್ತಾಳೆ," ಎಂದ. "ಇಟ್ಕೊಳ್ಳೇ, ನೀನೇ ಇಟ್ಕೋ."

ಚೌಕದ ಕೋವಿಯನ್ನು ಎತ್ತಿಕೊಂಡ. "ಇದ್ರ ಮೇಲಿರೋದು ಫೆಸೆಂಟ್ ಹಕ್ಕಿನೋ, ಕಾವಿಗೆ ಕೂತ ಕೋಳಿನೋ? ತೀರಾ ಕಳಪೆನಾ ಡ್ಯುವಾರ್ ಅವ್ರೇ?"

"ಕಳಪೆಯಲ್ಲ. ಮುಂದುಗಡೆ ಸ್ವಲ್ಪ ಭಾರ."

"ಇದನ್ನಾದ್ರೂ ಬಗ್ಗಿಸ್ಬಹುದೇನಮ್ಮಾ?" ಎಂದು ತಂಗಿಯನ್ನು ಕೇಳಿದ.

"ಬೇಕಾದ್ರೆ ಗಂಟು ಹಾಕಿಸ್ಕೋ," ಎಂದಳು ಎಫಿ, ಕೋವಿಯನ್ನು ಕೆಳಗಿಡದೆ.

ನಾನು ಎಣ್ಣೆ ಕಾಯಲು ಇಟ್ಟೆ.