ಹತ್ತು ಗಂಟೆಯ ಮೊದಲು

ಗುಲಾಬಿ ಬಿಡಿಸಿದರೆ ಕಿಲೋಗೆ ಎರಡು ಲೆವಾ ಕೂಲಿ. ಹದಿಮೂರರ ನೆವೆನಾ ಬಿಸಿಲೇರುವ ಮುಂಚೆ ಇಪ್ಪತ್ತೈದು ಕಿಲೋ ಬಿಡಿಸುತ್ತಿದ್ದಳು. ಮೂರು ಬೆಳಗಿನ ಕೂಲಿಗೆ ಚಳಿಗಾಲದ ಒಂದು ಗಾಡಿ ಸೌದೆ ಬರುತ್ತಿತ್ತು. ಹತ್ತು ಗಂಟೆ ದಾಟಿದರೆ ಹೂವಿನ ಎಣ್ಣೆ ಆರಿಹೋಗುತ್ತದೆಂದು ಗುಲಾಬಿ ಎಣ್ಣೆ ತೆಗೆಯುವ ಬಟ್ಟಿಯವರು ಮೂಟೆ ಮುಟ್ಟುತ್ತಿರಲಿಲ್ಲ.

"ಏ ಪೆನ್ಕಾ, ನಿನ್ನ ಮಗಳ ಕೈ ಕಂಡ್ರೆ ಮುಳ್ಳೂ ಪಕ್ಕಕ್ಕೆ ಸರೀತದಲ್ಲೇ! ನೀನಾಗಿದ್ರೆ ಎರಡು ಹೂ ಬಿಡ್ಸಿ ಮೂರು ಕತೆ ಹೇಳ್ತಿದ್ದೆ," ಪಕ್ಕದ ಸಾಲಿನಿಂದ ಗಾನಾ ಕೂಗಿದಳು.

"ದೃಷ್ಟಿ ಹಾಕ್ಬೇಡ, ಸುಮ್ನಿರೇ."

"ಇಸ್ಕೂಲು?"

"ಒಂದು ದಿನಾನೂ ತಪ್ಪಿಸಿಲ್ಲ. ಹತ್ತಕ್ಕೆ ಓಡ್ತಾಳೆ."

ಹಾಗೆ ಹೇಳುವಾಗ ಪೆನ್ಕಾಗೆ ಹೆಮ್ಮೆ. ಊರಿನ ಎಷ್ಟೋ ಮಕ್ಕಳು ಮೇ ತಿಂಗಳಿಡೀ ಶಾಲೆಯ ಮುಖ ನೋಡಿರಲಿಲ್ಲ. ನೆವೆನಾಗಾದರೋ ಜೂನಿನಲ್ಲಿ ಏಳನೆಯ ತರಗತಿಯ ದೊಡ್ಡ ಪರೀಕ್ಷೆ. ಪಾಸಾದರೆ ಸಾಲದು, ಪಟ್ಟಣದ ಗಣಿತ ಶಾಲೆಗೆ ಸೇರಬೇಕೆಂಬ ಹಟ.

ಫಲಿತಾಂಶ ಬಂದ ದಿನ ಗಣಿತದ ದೊಚೆವಾ ಮೇಡಂ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡರು.

"ಎರಡು ಅಂಕ ಕಮ್ಮಿ ಬಿತ್ತು ಪೆನ್ಕಾ. ಸೀಟು ಸಿಗಲ್ಲ."

"ದಿನಾ ಕಳಿಸಿದೀನಲ್ಲ ಮೇಡಂ!"

"ಕಳಿಸಿದೀಯ, ಹತ್ತು ಗಂಟೆಗೆ. ಬೆಳಗ್ಗೆ ತಲೆ ಚುರುಕಾಗಿರುತ್ತೆ ಅಂತ ಗಣಿತ ಮೊದಲ್ನೇ ಪಿರಿಯಡ್ಡಿಗೇ ಇಟ್ಟಿದೀವಿ. ಇಡೀ ಮೇ ತಿಂಗಳು ಇವಳು ಒಂದು ಗಣಿತದ ಪಾಠಾನೂ ಕೇಳಿಲ್ಲ. ಸಮಾಂತರ ಚತುರ್ಭುಜ ಮಾಡಿದ್ದು ಆವಾಗ್ಲೇ. ಪರೀಕ್ಷೇಲಿ ಅದರದ್ದೇ ಎರಡು ಲೆಕ್ಕ ಬಂತು. ಖಾಲಿ ಬಿಟ್ಟೆ ಅಂತಾಳೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಮೇಡಂ?"

"ಎರಡು ಸಲ ಚೀಟಿ ಕೊಟ್ಟು ಕಳಿಸಿದೀನಿ."

ಪೆನ್ಕಾ ಮಗಳ ಕಡೆ ತಿರುಗಿದಳು. "ಎಲ್ಲೇ ಚೀಟಿ?"

"ಹರಿದು ಹಾಕ್ದೆ."

"ಯಾಕೇ?"

ನೆವೆನಾ ಬೆರಳಿನ ಗಾಯದ ಹಕ್ಕಳೆ ಕೀಳುತ್ತಿದ್ದಳು. "ಹೋದ ಚಳೀಲಿ ಸೌದೆ ಇಲ್ದೆ ಅಜ್ಜಿ ಕೋಟು ಹಾಕ್ಕೊಂಡೇ ಮಲಗ್ತಿದ್ಲಲ್ಲಮ್ಮ. ಗಣಿತ ತಾನೇ, ಮನೇಲಿ ಮಾಡ್ಕೋತೀನಿ ಅಂದ್ಕೊಂಡೆ. ಪುಸ್ತಕ ನೋಡಿದ್ರೆ ಅರ್ಥ ಆಗ್ಲಿಲ್ಲ."

ಬೈಯಹೊರಟ ಪೆನ್ಕಾ ಮಗಳ ಕೈ ಹಿಡಿದು ಗಾಯ ಕೆರೆಯದಂತೆ ತಡೆದಳು. ಮೇಡಂ ಎದ್ದು ಹೋಗಿ, ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೊಮ್ಮೆ ಒರೆಸಿದರು.

ಸೆಪ್ಟೆಂಬರಿನಲ್ಲಿ ನೆವೆನಾ ಹತ್ತಿರದ ಊರಿನ ಹೊಲಿಗೆ ಶಾಲೆಗೆ ಸೇರಿದಳು. ಮೊದಲ ದಿನ ಪೆನ್ಕಾ ಅವಳನ್ನು ಬಸ್ಸು ಬರುವ ಮುಕ್ಕಾಲು ಗಂಟೆ ಮುಂಚೆಯೇ ಕರೆತಂದು ನಿಲ್ಲಿಸಿದಳು. ಪಟ್ಟಣದ ಬಸ್ಸು ಮೊದಲು ಬಂದು, ನಿಂತು, ಹೋಯಿತು. ಗಣಿತ ಶಾಲೆಯ ಆ ಸೀಟು ಬೇರೆ ಯಾರದೋ ಆಗಿತ್ತು.