ವಾಸನೆ ಇಲ್ಲ

ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲ. ಸೋರಿದರೆ ತಿಳಿಯಲೆಂದು ಊರಾಚೆಯ ಗ್ಯಾಸ್ ಸ್ಟೇಷನ್ನಿನಲ್ಲಿ ಕೊಳೆತ ಮೊಟ್ಟೆಯಂಥ ನಾತ ಬೆರೆಸಿ ಕಳಿಸುತ್ತಾರೆ. ಅದನ್ನು ಉರಿಸಿ ಟರ್ಬೈನ್ ತಿರುಗಿಸಿದರೆ ಕರೆಂಟು. ಮಿಕ್ಕ ಬಿಸಿಗಾಳಿಯಲ್ಲಿ ನೀರು ಕಾಯಿಸಿದರೆ ಪಕ್ಕದ ಆಸ್ಪತ್ರೆಗೆ ಹಬೆ. ಮೂವತ್ತು ವರ್ಷದಿಂದ ಈ ಸ್ಥಾವರ ಒಂದೇ ಬೆಂಕಿಯಲ್ಲಿ ಎರಡು ಕೆಲಸ ಮಾಡಿಕೊಂಡು ಬಂದಿದೆ.

ಶುರುವಿನಿಂದಲೂ ಒಂದು ಪದ್ಧತಿ. ಬೆಳಿಗ್ಗೆ ಹತ್ತಕ್ಕೆ ಆಪರೇಟರ್ ಪೈಪಿನ ಉದ್ದಕ್ಕೂ ಮೂಸುತ್ತಾ ನಡೆದು, ಪುಸ್ತಕದಲ್ಲಿ ಬರೆಯಬೇಕು. ಮೊದಲು ಅದು, ಎಲ್ಲರೂ ಮೂಗಜ್ಜ ಎನ್ನುತ್ತಿದ್ದ ಹಳೇ ಆಪರೇಟರನ ಕೆಲಸ. ನಶ್ಯ ಏರಿಸುವ ಮೂಗಿಗೆ ಅದೇನು ತಿಳಿಯುತ್ತದೋ ಎಂದು ಎಲ್ಲರೂ ಕಾಲೆಳೆಯುತ್ತಿದ್ದರು. ಆದರೆ ಗ್ಯಾಸ್ ಡಿಟೆಕ್ಟರ್ ಕೂಗುವ ಮುನ್ನವೇ ಸೋರಿಕೆ ಹಿಡಿಯುತ್ತಿದ್ದವನು ಅವನೇ. ಅವನು ಸತ್ತ ಮೇಲೆ ಕೆಲಸ ಶಿಷ್ಯನ ಪಾಲಿಗೆ ಬಂತು.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಶಿಷ್ಯನ ಮೂಗು ಸತ್ತುಹೋಗಿತ್ತು. ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ.

"ಎದುರಿಗೇ ಹಾಲು ಸೀದ್ರೂ ಗೊತ್ತಾಗಲ್ವಲ್ರೀ. ಅಲ್ಲೇನಾದ್ರೂ ಆದ್ರೆ?"

"ಬಾಯ್ಬಿಟ್ರೆ ಕೆಲಸ ಹೋಗುತ್ತೆ ಕಣೇ. ಡಿಟೆಕ್ಟರ್ ಇದೆಯಲ್ಲ."

ದಿನವೂ ಹೊರಡುವ ಮೊದಲೇ 'ವಾಸನೆ ಇಲ್ಲ' ಎಂದು ಬರೆದಿಟ್ಟು ನಡೆಯುತ್ತಿದ್ದ. ಒಂದು ಲೆಕ್ಕಕ್ಕೆ ಸುಳ್ಳೂ ಅಲ್ಲ.

ಆ ದಿನ ಡಿಟೆಕ್ಟರನ್ನು ರಿಪೇರಿಗೆ ಬಿಚ್ಚಿದ್ದರು. ಮೂರನೇ ವಾಲ್ವಿನ ಹತ್ತಿರ ಅವನ ಮೂಗಿಗೆ ಘಾಟು ಬಡಿಯಿತು. ನಶ್ಯದ ಘಾಟು. ಸುತ್ತ ಯಾರೂ ಇರಲಿಲ್ಲ. ಎರಡು ಹೆಜ್ಜೆ ಮುಂದೆ ಹೋದರೆ ಇಲ್ಲ. ಹಿಂದೆ ಸರಿದರೆ ಮತ್ತೆ ಅದೇ, ಭುಜದ ಹಿಂದೆಯೇ ಯಾರೋ ಡಬ್ಬಿ ತೆರೆದ ಹಾಗೆ. ಹಿಂದೆಮುಂದೆ ನೋಡದೆ ತುರ್ತು ಗುಂಡಿ ಒತ್ತಿದ.

ಟರ್ಬೈನ್ ನಿಂತಿತು. ಎಂಜಿನಿಯರ್ ಮೇಡಂ ಓಡಿಬಂದು ಮೂಸಿದರು.

"ಏನೂ ಇಲ್ವಲ್ರೀ. ಆಸ್ಪತ್ರೆಗೆ ಹಬೆ ನಿಂತುಹೋಯ್ತು."

"ಸೋಪಿನ ನೀರು ಹಾಕಿ ನೋಡಿ ಮೇಡಂ."

ಹಾಕಿದೊಡನೆ ವಾಲ್ವಿನ ಸುತ್ತ ಗುಳ್ಳೆಗಳು ಬುಳಬುಳನೆ ಎದ್ದವು. ಸ್ಟೇಷನ್ನಿಗೆ ಫೋನ್ ಮಾಡಿದರೆ, ನಾತ ಬೆರೆಸುವ ಟ್ಯಾಂಕು ಬೆಳಿಗ್ಗೆಯಿಂದ ಖಾಲಿಯಂತೆ.

ಮೇಡಂ ಅವನನ್ನೇ ನೋಡಿದರು. "ವಾಸನೆನೇ ಇಲ್ಲದ ಗ್ಯಾಸನ್ನ ಹಿಡಿದ್ರಲ್ಲ. ಇನ್ಮೇಲೆ ನಿಮ್ಮ ಮೂಗನ್ನೇ ನಂಬ್ತೀನಿ."

ಅವನು ಮೂರನೇ ವಾಲ್ವಿನ ಕಡೆ ತಿರುಗಿ ನೋಡಿದ. ನಾಳೆಯೂ ಮೂಗಜ್ಜ ಬರುತ್ತಾನೆಂದು ಯಾರು ಹೇಳಬೇಕು?

"ನಂಗೆ ವಾಸನೆನೇ ಬರಲ್ಲ ಮೇಡಂ. ಎರಡು ವರ್ಷ ಆಯ್ತು."

ಮೇಡಂ ಪುಸ್ತಕ ಮುಂದಿಟ್ಟರು. ಬೆಳಿಗ್ಗೆ ಬರೆದಿದ್ದನ್ನು ಹೊಡೆದುಹಾಕಿ, ಅವನು ಈಗ ಹೇಳಿದ್ದನ್ನೇ ಬರೆದು ಸಹಿ ಮಾಡಿದ. ಅಷ್ಟು ಹೊತ್ತೂ ಬೆನ್ನ ಹಿಂದೆಯೇ ನಿಂತಿದ್ದ ನಶ್ಯದ ಘಾಟು ಸಹಿ ಮುಗಿಯುತ್ತಲೇ ಹೊರಟುಹೋಯಿತು. ಮೂಗರಳಿಸಿ ಎಳೆದ, ಮತ್ತೆ ಎಳೆದ. ಏನೂ ಇರಲಿಲ್ಲ. ಕೆಲಸ ಹೋಗುತ್ತದೆಂದಲ್ಲ, ಆ ಘಾಟು ಹೋಯಿತೆಂದು ಅವನಿಗೆ ಅಳು ಬಂತು.