ಸೋಮವಾರ ನೋಡಬೇಕಾದ ಮನೆ

ಮೆಕ್ಸಿಕೊ ನಗರದ ಸಾಂತಾ ಮರೀಯ ಬಡಾವಣೆಯಲ್ಲಿ ಒಂದು ಹಳೆಯ ವಠಾರವಿದೆ. ನಡುವೆ ಅಂಗಳ, ಸುತ್ತ ಸಾಲು ಕೋಣೆಗಳು, ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ತೊಟ್ಟಿ, ಎರಡು ಪಾಯಿಖಾನೆ. ಅಲ್ಲಿನ ಒಂದು ಕೋಣೆಯಲ್ಲಿ ರೆಮೆಡಿಯೋಸ್ ತನ್ನ ಗಂಡ ಎಲಿಸೆಯೊ ಮತ್ತು ಆರು ವರ್ಷದ ಮಗಳು ಸೈದಾಳ ಜೊತೆ ಇದ್ದಳು. ವಠಾರದವರೆಲ್ಲ ಅವಳನ್ನು ರೆಮೆ ಎಂದೇ ಕರೆಯುತ್ತಿದ್ದರು.

ಆ ವರ್ಷ ಮಾಲೀಕ ಎರಡನೇ ಸಲ ಬಾಡಿಗೆ ಏರಿಸಿದ. ರಸ್ತೆ ಕಡೆಗಿದ್ದ ಚಪ್ಪಲಿ ರಿಪೇರಿ ಅಂಗಡಿ ಹೋಗಿ ಅಲ್ಲಿ ಕಾಫಿ ಅಂಗಡಿ ಬಂದಿತ್ತು. ಯಾವ ಯಾವುದೋ ದೇಶದವರು ಅಲ್ಲಿ ಬೆಳಗಿನಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುತ್ತಿದ್ದರು. ವಠಾರದಲ್ಲಿ ಒಂದು ಕೋಣೆ ಖಾಲಿಯಾದರೆ ಸಾಕು, ಅದಕ್ಕೆ ಬಣ್ಣ ಬಳಿದು ಪ್ರವಾಸಿಗಳಿಗೆ ವಾರದ ಲೆಕ್ಕದಲ್ಲಿ ಕೊಡುತ್ತಿದ್ದರು.

"ಡಿಸೆಂಬರ್‌ಗೆ ಮತ್ತೆ ಜಾಸ್ತಿ ಆಗತ್ತೆ. ಆಮೇಲೆ ಹೇಳಲಿಲ್ಲ ಅನ್ಬೇಡಿ," ಎಂದ ಬಾಡಿಗೆ ತೆಗೆದುಕೊಳ್ಳಲು ಬಂದ ಮಾಲೀಕನ ಮಗ.

"ಹೇಳ್ಬಿಟ್ರೆ ನಮಗೆ ಸಂಬಳ ಜಾಸ್ತಿ ಆಗತ್ತಾ?" ಎಂದಳು ರೆಮೆ. ಅವನು ಹೆಗಲು ಕುಣಿಸಿ ಮುಂದಿನ ಬಾಗಿಲಿಗೆ ಹೋದ.

ರೆಮೆ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಮಾಡುತ್ತಿದ್ದಳು. ಎಲಿಸೆಯೊ ಒಂದು ದೊಡ್ಡ ಅಂಗಡಿಯ ವಾಹನ ನಿಲ್ದಾಣದಲ್ಲಿ ಕಾವಲುಗಾರ. ಇಬ್ಬರೂ ಎಂಟು ವರ್ಷ ದುಡಿದಿದ್ದರು. ರೆಮೆ ಜೊತೆಗೆಲಸದ ಹೆಂಗಸರೊಂದಿಗೆ ಚೀಟಿ ಹಾಕಿ ಹಾಕಿ ಒಂದಿಷ್ಟು ಗಂಟು ಮಾಡಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ತನ್ನದೇ ಬಾಗಿಲು, ತನ್ನದೇ ಬೀಗದ ಕೈ.

"ದಿನಾ ನೂರು ಜನರ ಹಾಸಿಗೆ ನೆಟ್ಟಗೆ ಮಾಡ್ತೀನಿ. ನನ್ ಮಗಳಿಗೆ ಒಂದು ಮಂಚ ಹಾಕೋಣ ಅಂದ್ರೆ ಕಾಲಿಡೋಕೆ ಜಾಗ ಇಲ್ಲ," ಎಂದು ಅವಳು ಆಗಾಗ ಹೇಳುತ್ತಿದ್ದಳು. ಎಲಿಸೆಯೊ ಹೆಚ್ಚು ಮಾತಿನವನಲ್ಲ. ಕೆಲಸದಿಂದ ಬಂದು ಬೂಟು ಬಿಚ್ಚುವಷ್ಟರಲ್ಲೇ ಅವನಿಗೆ ಕಣ್ಣು ಎಳೆಯುತ್ತಿತ್ತು.

ಇಂಥ ಸಮಯದಲ್ಲೇ ಲಿಸಾಂದ್ರೊ ಎಂಬ ಏಜೆಂಟ್ ವಠಾರಕ್ಕೆ ಬಂದ. ನಗರದ ಉತ್ತರಕ್ಕೆ, ಹೆದ್ದಾರಿಯ ಆಚೆ, 'ಏಪ್ರಿಲ್ ಬೆಟ್ಟ' ಎಂಬ ಹೊಸ ಬಡಾವಣೆ ಎದ್ದಿದೆ ಎಂದ. ಸಂಬಳದಲ್ಲೇ ಕಂತು ಮುರಿದುಕೊಳ್ಳುತ್ತಾರೆ, ಕೈಯಿಂದ ಕೊಡಬೇಕಾದದ್ದು ಸ್ವಲ್ಪವೇ ಎಂದ. ಭಾನುವಾರ ವ್ಯಾನಿನಲ್ಲಿ ಪುಕ್ಕಟೆ ಕರೆದುಕೊಂಡು ಹೋಗುತ್ತೇವೆ, ಊಟವೂ ನಮ್ಮದೇ ಎಂದ.

ಆ ಭಾನುವಾರ ಮೂವರೂ ಹೋದರು. ರಸ್ತೆ ಖಾಲಿಯಿತ್ತು. ವ್ಯಾನಿನಲ್ಲಿ ಹಾಡು ಹಾಕಿದ್ದರು. ಬಡಾವಣೆಯ ಬಾಗಿಲಲ್ಲೇ ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಹಂದಿಮಾಂಸ ಬೇಯುತ್ತಿತ್ತು. ಬಿಸಿ ಬಿಸಿ ಮೆಕ್ಕೆಜೋಳದ ರೊಟ್ಟಿಯಲ್ಲಿ ಸುತ್ತಿ ಕೊಟ್ಟರು. ತೋರಿಸಿದ ಮನೆ ಹಳದಿ ಬಣ್ಣದ್ದು. ಎರಡು ಕೋಣೆ, ಅಡುಗೆಮನೆ, ಮುಂದೆ ಚಾಪೆಯಷ್ಟಗಲ ಹುಲ್ಲು. ಸೈದಾ ಆ ಹುಲ್ಲಿನ ಮೇಲೆ ಪಲ್ಟಿ ಹೊಡೆದಳು.

ರೆಮೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಯಾರೂ ಸರದಿಗೆ ಕಾಯುತ್ತಿರಲಿಲ್ಲ. ಯಾರೂ ಬಾಗಿಲು ಬಡಿದು "ಬೇಗ ಆಗ್ಲಿ" ಎನ್ನಲಿಲ್ಲ. ಅವಳು ಸುಮ್ಮನೆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹೊರಗೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು.

"ಇಲ್ಲಿಂದ ನಗರಕ್ಕೆ ಎಷ್ಟೊತ್ತು?" ಎಂದು ಎಲಿಸೆಯೊ ಕೇಳಿದ.

"ಈಗ ತಾನೇ ಬಂದ್ರಲ್ಲ ಸರ್, ನೀವೇ ನೋಡಿದ್ರಿ. ಒಂದು ಗಂಟೆ. ಮುಂದೆ ರೈಲೂ ಬರತ್ತೆ," ಎಂದು ಲಿಸಾಂದ್ರೊ ನಕ್ಕ. "ಅಡ್ವಾನ್ಸ್ ಇವತ್ತೇ ಕೊಟ್ಬಿಟ್ರೆ ಇದೇ ಮನೆ ನಿಮ್ದು."

ಅಷ್ಟು ಹಣವನ್ನು ಅವರು ಜೊತೆಗೆ ತಂದಿರಲಿಲ್ಲ. ಮುಂದಿನ ವಾರ ತಂದುಕೊಡುತ್ತೇವೆ ಎಂದು ಹೇಳಿ ಬಂದರು.

ಮರುದಿನ ಸಂಜೆ ತೊಟ್ಟಿಯ ಹತ್ತಿರ ರೆಮೆ ಈ ಸುದ್ದಿಯನ್ನು ಕಾಸಿಮಿರಾಳಿಗೆ ಹೇಳಿದಳು. ಕಾಸಿಮಿರಾ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಸೈದಾಳ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದು ಕರೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವಳೂ ಅದೇ ಏಪ್ರಿಲ್ ಬೆಟ್ಟದಲ್ಲಿ ಮನೆ ಕೊಂಡಿದ್ದಳು. ಎರಡು ವರ್ಷ ಅಲ್ಲಿದ್ದು, ಮನೆಗೆ ಬೀಗ ಹಾಕಿ, ವಠಾರಕ್ಕೆ ಅಕ್ಕನ ಕೋಣೆಗೆ ವಾಪಸ್ ಬಂದಿದ್ದಳು.

"ಅಲ್ಲಿ ಬೆಟ್ಟಾನೂ ಇಲ್ಲ, ಏಪ್ರಿಲ್ಲೂ ಇಲ್ಲ ಕಣೇ. ಬರೀ ಗಾಳಿ, ಧೂಳು," ಎಂದಳು ಕಾಸಿಮಿರಾ. "ಹಂದಿಮಾಂಸ ತಿನ್ನಿಸಿದ್ರಾ?"

"ಹೂಂ."

"ನನಗೂ ತಿನ್ನಿಸಿದ್ರು. ಜೀವಮಾನದಲ್ಲಿ ಅಷ್ಟು ದುಬಾರಿ ಊಟ ನಾನಿನ್ನೊಂದು ಮಾಡಿಲ್ಲ."

ರೆಮೆಗೆ ರೇಗಿತು. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಪಟಾರನೆ ಬಡಿದಳು. "ನಿನ್ ಕೈಲಿ ಆಗ್ಲಿಲ್ಲ ಅಂತ ನಮ್ ಕೈಲೂ ಆಗ್ಬಾರ್ದಾ ಕೊಮಾದ್ರೆ? ನೀನು ಮೊದಲಿಂದಲೂ ಬೇಗ ಸುಸ್ತಾಗೋಳು. ನಾನು ಹಾಗಲ್ಲ."

ಕಾಸಿಮಿರಾಳ ಮುಖ ಸಣ್ಣದಾಯಿತು. ಆದರೂ ಅವಳು ಜಗಳ ಆಡಲಿಲ್ಲ. ಸೊಂಟದ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ತೊಟ್ಟಿಯ ಅಂಚಿನ ಮೇಲಿಟ್ಟಳು.

"ತಗೋ. ನನ್ನ ಮನೆ ಬೀಗದ ಕೈ. ಈ ಭಾನುವಾರ ಅಲ್ಲೇ ಹೋಗಿ ಮಲಕ್ಕೊಳ್ಳಿ. ಸೋಮವಾರ ಅಲ್ಲಿಂದ ಕೆಲಸಕ್ಕೆ ಬನ್ನಿ, ಸಾಯಂಕಾಲ ವಾಪಸ್ ಹೋಗಿ. ಮಂಗಳವಾರ ನೀನು ಚೆನ್ನಾಗಿದೆ ಅಂದ್ರೆ ನಾನೇ ನಿನ್ನ ಸಾಮಾನು ಹೊತ್ತು ತಂದುಕೊಡ್ತೀನಿ. ಅಲ್ಲೀವರೆಗೆ ಮಾತ್ರ ಒಂದು ಪೆಸೊ ಕೂಡ ಯಾರ ಕೈಗೂ ಕೊಡ್ಬೇಡ."

"ಆಯ್ತು, ನೋಡೇಬಿಡ್ತೀನಿ," ಎಂದು ರೆಮೆ ಹಟದಿಂದಲೇ ಕೈ ಚಾಚಿದಳು.

ಭಾನುವಾರ ಅವರು ವ್ಯಾನಿನಲ್ಲಲ್ಲ, ಬಸ್ಸಿನಲ್ಲಿ ಹೋದರು. ಕಾಸಿಮಿರಾಳ ಮನೆ ಹಿಂದಿನ ಬೀದಿಗಳಲ್ಲಿತ್ತು. ಲಿಸಾಂದ್ರೊ ಆ ಕಡೆ ಕರೆದುಕೊಂಡು ಹೋಗಿರಲಿಲ್ಲ. ಸಾಲಾಗಿ ಮನೆಗಳು. ಅರ್ಧಕ್ಕರ್ಧ ಮನೆಗಳಿಗೆ ಬೀಗ. ಕೆಲವಕ್ಕೆ ಕಿಟಕಿಯೇ ಇಲ್ಲ, ಯಾರೋ ಕಿತ್ತುಕೊಂಡು ಹೋಗಿದ್ದರು. ನಲ್ಲಿ ತಿರುಗಿಸಿದರೆ ಗಾಳಿ ಬುಸ್ ಎಂದಿತು. ಪಕ್ಕದ ಮನೆಯ ಹೆಂಗಸು ಒಂದು ಬಕೆಟ್ ನೀರು ಕೊಟ್ಟು, "ಬುಧವಾರ ಬಿಡ್ತಾರೆ, ಮನಸ್ಸು ಬಂದ್ರೆ," ಎಂದಳು.

ಆದರೂ ರೆಮೆ ಸೋಲಲಿಲ್ಲ. "ಗುಡಿಸಿ ಬಣ್ಣ ಬಳಿದ್ರೆ ಎಷ್ಟ್ ಚೆನ್ನಾಗಿರತ್ತೆ ನೋಡಿ," ಎಂದು ಗಂಡನಿಗೆ ಹೇಳಿದಳು. "ಹೂಂ," ಎಂದ ಎಲಿಸೆಯೊ.

ಸೋಮವಾರ ಕತ್ತಲಲ್ಲೇ ಎದ್ದರು. ಬಸ್ ನಿಲ್ದಾಣದಲ್ಲಿ ಆಗಲೇ ಉದ್ದನೆಯ ಸರದಿ. ಒಬ್ಬಳು ಬಿಸಿ ಮೆಕ್ಕೆಜೋಳದ ಗಂಜಿ ಮಾರುತ್ತಿದ್ದಳು, ಜನ ನಿಂತಲ್ಲೇ ಕುಡಿದು ನಿಂತಲ್ಲೇ ತೂಕಡಿಸುತ್ತಿದ್ದರು. ಮೊದಲ ಎರಡು ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಮೂರನೆಯದರಲ್ಲಿ ನಿಲ್ಲಲು ಸಿಕ್ಕಿತು. ಹೆದ್ದಾರಿಗೆ ಬಂದ ಮೇಲೆ ಬಸ್ಸು ಬಸವನ ಹುಳುವಿನಂತೆ ತೆವಳಿತು. ಸೈದಾ ಅಪ್ಪನ ಹೆಗಲ ಮೇಲೆ ನಿದ್ದೆ ಹೋದಳು, ಅಪ್ಪ ಕಂಬಿಗೆ ತಲೆ ಆನಿಸಿ ನಿದ್ದೆ ಹೋದ. ಬೆಳಕು ಹರಿದ ಮೇಲೆ ಸೈದಾ ಎಚ್ಚರವಾಗಿ ರೆಮೆಯ ಕೆಲಸದ ಉಡುಪಿನ ಮೇಲೆ ಕುಡಿದ ಗಂಜಿಯನ್ನೆಲ್ಲ ಕಕ್ಕಿದಳು.

"ಅಮ್ಮಾ, ಇನ್ನೂ ಬರ್ಲಿಲ್ವಾ ಊರು?"

"ಬಂತು ಬಂತು ಚಿನ್ನ."

ಬರಲಿಲ್ಲ. ಬಸ್ಸಿಳಿದು ಮೆಟ್ರೊ ಹಿಡಿದು ಶಾಲೆ ಮುಟ್ಟುವಾಗ ಗೇಟು ಹಾಕಿದ್ದರು. ಸೈದಾಳನ್ನು ಕಾಸಿಮಿರಾಳ ಅಕ್ಕನ ಹತ್ತಿರ ಬಿಟ್ಟು ರೆಮೆ ಹೋಟೆಲಿಗೆ ಓಡಿದಳು. ಅವಳ ಇಸ್ತ್ರಿ ಮೇಜಿನ ಮುಂದೆ ಬೇರೊಬ್ಬಳು ನಿಂತಿದ್ದಳು.

"ಇವತ್ತಿನ ಪಾಳಿ ಹೋಯ್ತು ರೆಮೆ. ಇನ್ನೆರಡು ಸಲ ಹೀಗಾದ್ರೆ ನಾನು ಏನೂ ಮಾಡೋಕಾಗಲ್ಲ," ಎಂದಳು ಮೇಲ್ವಿಚಾರಕಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಸಂಜೆ ವಠಾರಕ್ಕೆ ಬಂದ ಎಲಿಸೆಯೊ, "ಸಾಕಾಯ್ತಲ್ಲ ರೆಮೆ, ಇಲ್ಲೇ ಮಲಗೋಣ," ಎಂದ. ಅವಳು ಒಪ್ಪಲಿಲ್ಲ. "ಮೊದಲ ದಿನ ಯಾರಿಗಾದ್ರೂ ಕಷ್ಟಾನೇ. ದಾರಿ ಗೊತ್ತಾದ್ರೆ ಸರಿ ಹೋಗತ್ತೆ. ಪೂರ್ತಿ ನೋಡ್ಬೇಕು," ಎಂದು ಮಗಳ ಕೈ ಹಿಡಿದು ಹೊರಟಳು.

ವಾಪಸ್ ಹೋಗುವ ಬಸ್ಸಿನ ಸರದಿ ಬೆಳಗಿನದಕ್ಕಿಂತ ಉದ್ದವಿತ್ತು. ಅವರ ಮುಂದೆ ಗಾರೆ ಕೆಲಸದವನೊಬ್ಬ ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಯ ಎತ್ತರಕ್ಕೆ ಹಿಡಿದು ನಿಂತಿದ್ದ. ಯಾರೂ ಡಿಕ್ಕಿ ಹೊಡೆಯದ ಹಾಗೆ ಮೊಣಕೈ ಅಗಲಿಸಿಕೊಂಡಿದ್ದ.

"ಯಾರ ಹುಟ್ಟಿದಹಬ್ಬ ಅಂಕಲ್?" ಎಂದು ಸೈದಾ ಕೇಳಿದಳು.

"ನನ್ ಮಗನದು. ಇವತ್ತಿಗೆ ಏಳು ತುಂಬ್ತು."

"ಅಯ್ಯೋ, ಹಾಗಾದ್ರೆ ಅವನು ಕಾಯ್ತಾ ಇರ್ತಾನೆ," ಎಂದಳು ರೆಮೆ.

"ಇಲ್ಲಮ್ಮ, ಕಾಯಲ್ಲ. ಅವನಿಗೆ ಗೊತ್ತು. ನಾನು ಹೋಗೋ ಹೊತ್ತಿಗೆ ಮಲಗಿರ್ತಾನೆ. ಬೆಳಿಗ್ಗೆ ಎದ್ದು ಅವರಮ್ಮನ ಜೊತೆ ಕತ್ತರಿಸ್ತಾನೆ."

"ನೀವು?"

"ನಾನು ಅಷ್ಟೊತ್ತಿಗೆ ಈ ಕಡೆ ಬಸ್ಸಲ್ಲಿರ್ತೀನಿ." ಅವನು ನಕ್ಕ. "ಭಾನುವಾರ ಒಂದು ದಿನ ಮಾತಾಡ್ತಾನೆ. ಮೊನ್ನೆ ಅವರಮ್ಮನ್ನ ಕೇಳಿದ್ನಂತೆ, ಅಪ್ಪ ನಮ್ಮನೇಲೇ ಇರೋದಾ ಅಂತ."

ಸರದಿ ಎರಡು ಹೆಜ್ಜೆ ಮುಂದೆ ಸರಿಯಿತು. ಅವನೂ ಡಬ್ಬಿಯನ್ನು ಹುಷಾರಾಗಿ ಹಿಡಿದು ಎರಡು ಹೆಜ್ಜೆ ಹೋದ. ರೆಮೆ ಹೋಗಲಿಲ್ಲ. ಅವಳು ಹಿಂದೆ ತಿರುಗಿ ನೋಡಿದಳು. ಎಲಿಸೆಯೊ ಸೈದಾಳನ್ನು ಎತ್ತಿಕೊಂಡು ನಿಂತಲ್ಲೇ ಕಣ್ಣು ಮುಚ್ಚಿದ್ದ. ಅವನ ಬಾಯಿ ಸ್ವಲ್ಪ ತೆರೆದಿತ್ತು. ಹಿಂದಿನವರು "ನಡೀರಿ ನಡೀರಿ" ಎಂದರು.

ಆ ಹಳದಿ ಮನೆಯ ಬಚ್ಚಲುಮನೆ ಅವಳ ಕಣ್ಣ ಮುಂದೆ ಬಂತು. ಅದರ ಚಿಲಕ ಬಂತು. ಆ ಚಿಲಕ ಹಾಕಿಕೊಳ್ಳಲು ತಾನು ಮನೆಯಲ್ಲಿ ಇರುವುದಾದರೂ ಯಾವಾಗ ಎಂದು ಅವಳು ಮೊದಲ ಸಲ ಯೋಚಿಸಿದಳು. ಅಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

"ಏಳ್ರೀ," ಎಂದು ಗಂಡನ ತೋಳು ಮುಟ್ಟಿದಳು. "ಮನೆಗೆ ಹೋಗೋಣ."

"ಬಸ್ ಬಂತಾ?"

"ಬಸ್ ಬೇಡ. ವಠಾರಕ್ಕೆ."

ಕಾಸಿಮಿರಾ ತೊಟ್ಟಿಯ ಹತ್ತಿರವೇ ಇದ್ದಳು. ರೆಮೆ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, "ಎರಡು ವರ್ಷ ಹೇಗೆ ಓಡಾಡ್ದೆ ಮಾರಾಯ್ತಿ?" ಎಂದಳು.

"ಓಡಾಡ್ಲಿಲ್ಲ ಕಣೇ. ನಿದ್ದೆಗಣ್ಣಲ್ಲಿ ನಡೆದಾಡ್ದೆ," ಎಂದಳು ಕಾಸಿಮಿರಾ. "ಈಗ ಆ ಮನೆ ಮಾರ್ತೀನಿ ಅಂದ್ರೂ ಯಾರೂ ಕೊಂಡ್ಕೊಳ್ಳಲ್ಲ. ಬಾಡಿಗೆಗೂ ಯಾರೂ ಬರಲ್ಲ. ನನ್ನ ಸಂಬಳದಲ್ಲಿ ಇನ್ನೂ ಹದಿನೇಳು ವರ್ಷ ಕಂತು ಮುರೀತಾರೆ. ಅದಕ್ಕೇ ಹೇಳ್ದೆ, ಹೊಟ್ಟೆಕಿಚ್ಚಿಗಲ್ಲ."

"ಗೊತ್ತು ಬಿಡು," ಎಂದು ರೆಮೆ ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತಳು. ಕಾಸಿಮಿರಾ ಬೀಗದ ಕೈಯನ್ನು ಮತ್ತೆ ಸೊಂಟದ ಗೊಂಚಲಿಗೆ ಸಿಕ್ಕಿಸಿಕೊಂಡಳು.

ಆಮೇಲೆ ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಬಾಡಿಗೆ ಏರಿತು. ರೆಮೆಯ ಸಂಸಾರ ವಠಾರ ಬಿಡಲೇಬೇಕಾಯಿತು. ನಗರದ ಪೂರ್ವದ ಇಸ್ತಪಲಾಪದ ಗುಡ್ಡದಲ್ಲಿ, ಇನ್ನೊಬ್ಬರ ಮನೆಯ ಮಾಳಿಗೆ ಮೇಲೆ ಎರಡು ಸಣ್ಣ ಕೋಣೆ ಹಿಡಿದರು. ಅದೂ ಬಾಡಿಗೆಯದೇ. ನೀರು ಟ್ಯಾಂಕರಿನಲ್ಲಿ ಬರುತ್ತದೆ. ಆದರೆ ಈ ಸಲ ಮುಂಗಡ ಕೊಡುವ ಮೊದಲು ರೆಮೆ ಒಂದು ಸೋಮವಾರ ಬೆಳಿಗ್ಗೆ ಆ ಗುಡ್ಡದಿಂದ ಹೋಟೆಲಿಗೆ ಹೋಗಿ ನೋಡಿದಳು. ಎಲಿಸೆಯೊ ಇನ್ನೊಂದು ದಿನ ಸಂಜೆ ಬಂದು ನೋಡಿದ. ಪಕ್ಕದ ಮನೆಗಳ ಬಾಗಿಲು ತಟ್ಟಿ, ನೀರು ಯಾವತ್ತು ಬರುತ್ತದೆ, ಶಾಲೆ ಎಲ್ಲಿ, ಹೋದ ವರ್ಷ ಇಲ್ಲಿಂದ ಯಾರು ಬಿಟ್ಟು ಹೋದರು, ಯಾಕೆ ಹೋದರು ಎಂದು ಕೇಳಿದರು. ಚೀಟಿಯ ಗಂಟನ್ನು ಒಂದು ಉಳಿತಾಯ ಸಹಕಾರ ಸಂಘದಲ್ಲಿ ಇಟ್ಟಿದ್ದಾರೆ. ನಗರದೊಳಗೇ ಮನೆ ಕಟ್ಟಲು ಜಾಗ ಕೊಡಿ ಎಂದು ಸರ್ಕಾರವನ್ನು ಕೇಳುವ ಬಾಡಿಗೆದಾರರ ಗುಂಪೊಂದಕ್ಕೆ ರೆಮೆ ಮತ್ತು ಕಾಸಿಮಿರಾ ಸೇರಿದ್ದಾರೆ. ಶನಿವಾರ ಶನಿವಾರ ಸಭೆ. ಜಾಗ ಇನ್ನೂ ಸಿಕ್ಕಿಲ್ಲ. ಸಿಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.

ಎಲಿಸೆಯೊ ಈಗಲೂ ದಣಿದೇ ಬರುತ್ತಾನೆ. ಆದರೆ ಅವನು ಬೂಟು ಬಿಚ್ಚುವಾಗ ಸೈದಾ ಎಚ್ಚರವಾಗಿರುತ್ತಾಳೆ. ಅಂದಿನ ಶಾಲೆಯ ಜಗಳವನ್ನೆಲ್ಲ ಅವನಿಗೆ ಒಪ್ಪಿಸುತ್ತಾಳೆ. ಅವನು ಅರ್ಧ ಕೇಳಿ, ಅರ್ಧ ನಿದ್ದೆಗೆ ಜಾರಿ, "ಆಮೇಲೆ?" ಎನ್ನುತ್ತಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಸ್ವಂತ ಮನೆಯ ಆಸೆ ತಪ್ಪಲ್ಲ. ನಿಮ್ಮ ಊರು ಯಾವುದೇ ಇರಲಿ, ಆ ಆಸೆ ಇಟ್ಟುಕೊಳ್ಳಿ. ಆದರೆ ಮನೆ ತೋರಿಸುವವರು ಕರೆದ ದಿನ ಮಾತ್ರ ಹೋಗಿ ಬಂದು ಸಹಿ ಹಾಕಬೇಡಿ. ಕೆಲಸದ ದಿನ, ಕೆಲಸದ ಹೊತ್ತಿಗೆ, ಮುಂದೆ ನೀವು ದಿನಾ ಹತ್ತಬೇಕಾಗುವ ಬಸ್ಸಿನಲ್ಲೇ ಹೋಗಿ, ಅದರಲ್ಲೇ ವಾಪಸ್ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಬೀಗ ಹಾಕಿದ ಮನೆಗಳಿದ್ದರೆ ಯಾಕೆಂದು ಕೇಳಿ. ಬಸ್ಸಿನ ದುಡ್ಡು, ಟ್ಯಾಂಕರಿನ ದುಡ್ಡು, ತಪ್ಪಿದ ಪಾಳಿಯ ದುಡ್ಡು, ಇವೂ ಆ ಮನೆಯ ಬೆಲೆಯೇ. ರಸ್ತೆಯ ಮೇಲೆ ಕಳೆಯುವ ನಿಮ್ಮ ಆಯುಷ್ಯವೂ ಆ ಬೆಲೆಯಲ್ಲೇ ಸೇರಿದೆ, ಅದನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಅಷ್ಟನ್ನೂ ನೋಡಿದ ಮೇಲೆ ಮನಸ್ಸು ಒಪ್ಪಿದರೆ ಸಂತೋಷವಾಗಿ ಕೊಳ್ಳಿ. ಒಪ್ಪದಿದ್ದರೆ, ಸರದಿಯಿಂದ ಹೊರಗೆ ಬಂದು ಮನೆಗೆ ನಡೆಯಿರಿ. ಮನೆಯಲ್ಲಿ ನಿಮ್ಮ ಮಗು ಇನ್ನೂ ಮಲಗಿರುವುದಿಲ್ಲ.